ವಾರಿಜಳ ತೊಟ್ಟಿಯ ಸ್ಪಂಜು

ನಮ್ಮ ಊರಿಗೆ ಸಮುದ್ರ ಬರುವುದು ವರ್ಷಕ್ಕೆ ಒಂಬತ್ತು ದಿನ. ಉಳಿದ ದಿನಗಳಲ್ಲಿ ಅದು ಎಲ್ಲಿರುತ್ತದೆ ಎಂದು ಯಾರಾದರೂ ಕೇಳಿದರೆ ಪಡುವಣಕ್ಕೆ ಕೈ ತೋರಿಸುತ್ತೇವೆ, ಅಷ್ಟೇ. ಅದು ಬಿಟ್ಟುಹೋದ ಜಾಗದಲ್ಲಿ ಎಮ್ಮೆಗಳು ಮೇಯುತ್ತವೆ, ಶಾಲೆಯ ಮಕ್ಕಳು ವಾಲಿಬಾಲ್ ಆಡುತ್ತಾರೆ, ಹೆಂಗಸರು ಚಾಪೆ ಹಾಸಿ ಹಪ್ಪಳ ಒಣಗಿಸುತ್ತಾರೆ. ದೋಣಿ ಕಟ್ಟುವ ದಕ್ಕೆಯ ಕಟ್ಟೆಯ ಕೆಳಗೇ ಬಸ್ಸು ನಿಲ್ಲುತ್ತದೆ. ಸಮುದ್ರ ಇರುವ ಒಂಬತ್ತು ದಿನ ಮಾತ್ರ ಗುಡ್ಡದ ಮೇಲಿನ ಅಂಚೆ ಕಚೇರಿಯ ಮುಂದೆ ನಿಲ್ಲುತ್ತದೆ.

ದೋಣಿಯ ಗಂಡಸರು ಸಮುದ್ರದ ಜೊತೆಗೇ ಹೋಗುತ್ತಾರೆ. ಅದರ ಜೊತೆಗೇ ಬರುತ್ತಾರೆ. ಅವರನ್ನು ನಾವು ಹೋದವರು ಎನ್ನುತ್ತೇವೆ, ಊರಿನಲ್ಲಿ ಇರುವ ಒಂಬತ್ತು ದಿನವೂ ಹಾಗೆಯೇ ಎನ್ನುತ್ತೇವೆ. ಹೊರಡುವ ದಿನ ಪ್ರತಿಯೊಬ್ಬನೂ ತನ್ನ ಮನೆಯ ಗಾಜಿನ ತೊಟ್ಟಿಗೆ ಸಮುದ್ರದ ನೀರು ತುಂಬಿಸಿ, ತನ್ನ ಕೈಯಾರೆ ಒಂದು ಕಲ್ಲು, ಒಂದೆರಡು ಮೀನು, ಬೇಕಿದ್ದರೆ ಒಂದು ಏಡಿ ಬಿಟ್ಟು ಹೋಗುತ್ತಾನೆ. ಅವುಗಳಲ್ಲಿ ಒಂದಾದರೂ ಬದುಕಿರುವವರೆಗೆ ಆ ಮನೆ ಅವನಿಗಾಗಿ ಕಾಯಬೇಕು. ಮನೆಯ ಹೆಂಗಸು ಬೇರೆ ಊರಿನಲ್ಲಿ ರಾತ್ರಿ ಉಳಿಯುವಂತಿಲ್ಲ. ನೀರು ನೋಡಿಕೊಳ್ಳುವವರು ಬೇಕಲ್ಲ. ಹೋದವನು ತಿರುಗಿ ಬಾರದೆ, ತೊಟ್ಟಿಯಲ್ಲಿ ಅವನು ಬಿಟ್ಟದ್ದೆಲ್ಲ ಸತ್ತ ಮೇಲೆ ತೊಟ್ಟಿ ತೊಳೆಯುವವಳು ಊರಿನ ಸಮಿತಿಗೆ ಹೇಳುತ್ತಾಳೆ. ಮುಂದಿನ ಸಲ ಸಮುದ್ರ ಬಂದಾಗ ಆ ನೀರನ್ನು ಅದಕ್ಕೇ ಸುರಿದು ಬರುತ್ತಾರೆ. ಅಲ್ಲಿಗೆ ಆ ಮನೆಯ ಕಾಯುವಿಕೆ ಮುಗಿಯಿತು.

ತೊಟ್ಟಿ ತೊಳೆಯುವವಳು ನಾನು. ಹೆಸರು ಗುಲಾಬಿ. ನನಗಿಂತ ಮೊದಲು ನಮ್ಮ ಅಮ್ಮ ಈ ಕೆಲಸ ಮಾಡುತ್ತಿದ್ದಳು. ಮೂವತ್ತೊಂದು ಮನೆಗಳ ತೊಟ್ಟಿ, ವಾರಕ್ಕೊಂದು ಸಲ. ಗಾಜಿನ ಮೇಲಿನ ಪಾಚಿ ಹೆರೆಯುವುದು, ಅಡಿಯ ಕಸವನ್ನು ರಬ್ಬರ್ ಪೈಪಿನಲ್ಲಿ ಎಳೆದು ಬಕೆಟ್ಟಿಗೆ ಇಳಿಸುವುದು, ಆರಿದ ನೀರಿನ ಬದಲು ಬಾವಿಯ ಸಿಹಿನೀರು ಸೇರಿಸುವುದು, ತೆಗೆದ ಉಪ್ಪುನೀರಿನ ಬದಲು ಸಮಿತಿಯ ದೊಡ್ಡ ತೊಟ್ಟಿಯಿಂದ ಒಂದು ಕೊಡ ತಂದು ಹುಯ್ಯುವುದು. ಹೋದವನು ಬಿಡದೆ ತಾನಾಗಿ ಬೆಳೆದದ್ದು ಏನೇ ಇದ್ದರೂ ಕೆರೆದು ತೆಗೆಯುವುದು. ಅಮ್ಮ ನನಗೆ ಕಲಿಸಿದ ಮೊದಲ ಪಾಠವೇ ಅದು. ನಮ್ಮ ಮನೆಯಿಂದ ಯಾರೂ ಹೋದವರಿಲ್ಲ. ಅಮ್ಮ ತೀರಿಹೋದ ಮೇಲೆ ಮನೆಯಲ್ಲಿ ನಾನೊಬ್ಬಳೇ. ನಮ್ಮಲ್ಲಿ ತೊಟ್ಟಿಯೂ ಇಲ್ಲ.

ಮನೆಮನೆಗೆ ಹೋಗುವ ಕೆಲಸದವಳಿಗೆ ಮಾತಿಗೇನು ಬರಗಾಲ ಎಂದು ನಿಮಗೆ ಅನ್ನಿಸಬಹುದು. ಹಾಗಿಲ್ಲ. ಬಾಗಿಲು ತೆರೆದು ಸ್ಟೂಲು ತೋರಿಸಿ ಒಳಗೆ ಹೋಗುತ್ತಾರೆ. ನಾನು ಮೊಣಕೈಯವರೆಗೆ ನೀರಿನಲ್ಲಿ ಕೈಯಿಟ್ಟು ನಿಂತಿರುವಾಗ ಕೆಲವರು ಬಂದು ತೊಟ್ಟಿಯ ಜೊತೆ ಮಾತಾಡುವುದುಂಟು, ಮಗನ ಜ್ವರ, ಅತ್ತೆಯ ಕಿರಿಕಿರಿ, ಹೀಗೆ. ನನ್ನ ಭುಜದ ಪಕ್ಕದಿಂದ ಮಾತಾಡುತ್ತಾರೆ. ನನಗೆ ಹೇಳುತ್ತಿರುವುದಲ್ಲ. ಮೊದಮೊದಲು ನಾನು ಹೂಂಗುಟ್ಟುತ್ತಿದ್ದೆ. ಆಮೇಲೆ ಬಿಟ್ಟೆ.

ವಾರಿಜ ಮಾತ್ರ ನನ್ನನ್ನು ಕೂರಿಸುತ್ತಿದ್ದಳು. ಗುರುವಾರ ಅವಳ ಮನೆಯ ಸರದಿ. ಅವಳು ಬ್ಲೌಸು ಹೊಲಿಯುವವಳು, ನನಗಿಂತ ಏಳೆಂಟು ವರ್ಷ ಚಿಕ್ಕವಳು. ಕೆಲಸ ಮುಗಿದು ನಾನು ಕೈ ಒರೆಸಿಕೊಳ್ಳುವಷ್ಟರಲ್ಲಿ ಚಾ ತಂದಿಡುತ್ತಿದ್ದಳು, ತನಗೊಂದು ಲೋಟ, ನನಗೊಂದು. ಅಂಗಡಿಯಿಂದ ಬೆಲ್ಲ, ಮೆಣಸು ಕಟ್ಟಿಸಿ ತಂದ ಪೇಪರಿನ ತುಂಡುಗಳನ್ನು ಎಸೆಯದೆ ಎತ್ತಿಡುವ ಅಭ್ಯಾಸ ಅವಳಿಗೆ. ಅವನ್ನು ನನಗೆ ಓದಿ ಹೇಳುವಳು. ಅರ್ಧ ಹರಿದ ಸುದ್ದಿ, ಕೊನೆಯಿಲ್ಲದ ಕಥೆ, ಎಂದೋ ಮುಗಿದುಹೋದ ಕ್ರಿಕೆಟ್ ಪಂದ್ಯ. ಉಳಿದರ್ಧ ಏನಾಗಿರಬಹುದು ಎಂದು ಇಬ್ಬರೂ ಸೇರಿ ಊಹಿಸುತ್ತಿದ್ದೆವು. ವಾರದಲ್ಲಿ ನಾನು ನಾಲಗೆ ಬಿಚ್ಚಿ ಮಾತಾಡುವುದು ಆ ಒಂದು ಗಂಟೆ.

ಅವಳ ಗಂಡ ಮೋನಪ್ಪ ಮದುವೆಯಾಗಿ ಐದು ವರ್ಷ ಸರಿಯಾಗಿ ಬಂದುಹೋಗುತ್ತಿದ್ದ. ಆರನೆಯ ವರ್ಷ ಅವನ ದೋಣಿ ಬಂತು, ಅವನು ಬರಲಿಲ್ಲ. ಎಲ್ಲೋ ಒಂದು ಕಡೆ ಇಳಿದು ಬೇರೆ ದೋಣಿ ಹತ್ತಿದ, ಮುಂದಿನ ವರ್ಷ ಬಂದಾನು ಎಂದು ಉಳಿದವರು ಹೇಳಿದರು. ಮುಂದಿನ ವರ್ಷವೂ ಬರಲಿಲ್ಲ. ಅವನು ಬಿಟ್ಟುಹೋದದ್ದು ತೆಂಗಿನಕಾಯಿ ಗಾತ್ರದ ಒಂದು ಕಲ್ಲು, ಶಂಖದೊಳಗಿನ ಒಂದು ಏಡಿ, ಒಂದು ಪಟ್ಟೆ ಮೀನು. ಏಡಿ ಬೇಗ ಸತ್ತಿತು. ಮೀನು ಗಟ್ಟಿ ಜೀವ, ಬದುಕಿತು.

ಘಟ್ಟದ ಮೇಲಿನ ಒಂದು ಊರಿನಲ್ಲಿ ಜಯಂತಿ ಎಂಬ ಅವಳ ಶಾಲೆಯ ಗೆಳತಿ ಮೆಸ್ ನಡೆಸುತ್ತಿದ್ದಳು. ನೀನೂ ಬಂದುಬಿಡು, ಇಬ್ಬರೂ ಸೇರಿ ನಡೆಸುವ, ಮೇಲೆ ಒಂದು ಕೋಣೆ ಉಂಟು ಎಂದು ಕಾಗದ ಬರೆಯುತ್ತಿದ್ದಳು. ವಾರಿಜ ಆ ಕಾಗದಗಳನ್ನೂ ನನಗೆ ಓದಿ ಹೇಳುವಳು. ಓದಿ ಮಡಚಿ, ಮೀನು ಇರುವವರೆಗೆ ಹೇಗೆ ಹೋಗುವುದು ಎನ್ನುವಳು. ದುಃಖದಿಂದ ಹೇಳುತ್ತಿರಲಿಲ್ಲ, ಮಳೆ ನಿಲ್ಲದೆ ಬಟ್ಟೆ ಹೇಗೆ ಒಣಗಿಸುವುದು ಎನ್ನುವ ಹಾಗೆ ಹೇಳುತ್ತಿದ್ದಳು.

ಆ ಮೀನು ಸತ್ತದ್ದು ಒಂದು ಗುರುವಾರ. ನಾನು ಹೋದಾಗ ಅದು ತೊಟ್ಟಿಯಲ್ಲಿ ಕಾಣಲಿಲ್ಲ. ಕಲ್ಲನ್ನು ಸ್ವಲ್ಪ ಜರುಗಿಸಿ ನೋಡಿದರೆ ಹಿಂದುಗಡೆ ಮಗ್ಗುಲಾಗಿ ಬಿದ್ದಿತ್ತು. ಅದರ ಪಕ್ಕದಲ್ಲಿ, ಕಲ್ಲಿನ ನೆರಳಿನ ಭಾಗದಲ್ಲಿ, ಹೆಬ್ಬೆರಳಿನಷ್ಟು ದೊಡ್ಡದಾಗಿ, ಹಣ್ಣಾದ ಹಲಸಿನ ತೊಳೆಯ ಬಣ್ಣದ ಒಂದು ಸ್ಪಂಜು ಬೆಳೆದಿತ್ತು. ಹೆರೆಯುವ ಅಲಗು ನನ್ನ ಕೈಯಲ್ಲೇ ಇತ್ತು. ಮೀನನ್ನು ತೆಗೆದು, ಸ್ಪಂಜನ್ನು ಕೆರೆದು, ಅಡುಗೆಮನೆಯಲ್ಲಿದ್ದವಳನ್ನು ಕರೆದು ಇಂಥಿಂಥದಾಯಿತು ಎಂದು ಹೇಳಿ, ಸಂಜೆ ಸಮಿತಿಗೆ ತಿಳಿಸುವುದು ನನ್ನ ಕೆಲಸ. ಮೂರು ನಿಮಿಷದ ಕೆಲಸ.

ನಾನು ವಾರಿಜಳನ್ನು ಕರೆದೆ. ಅವಳು ಒದ್ದೆ ಕೈಯಲ್ಲೇ ಬಂದಳು. ಮೀನು ಹೋಯಿತು ಎಂದೆ. ಅವಳ ಮುಖ ಬದಲಾಗುವ ಮೊದಲೇ ನಾನು ಕಲ್ಲಿನ ಹಿಂದೆ ಬೆರಳು ತೋರಿಸಿ, ಆದರೆ ಇದು ಬದುಕುಂಟು ಎಂದೆ.

“ಎಂತ ಅದು?”

“ಸ್ಪಂಜು. ಜೀವ ಉಂಟು ಅದಕ್ಕೆ.”

“ಅದು ಅವರು ಬಿಟ್ಟದ್ದಾ?”

“ಅವನ ಕಲ್ಲಲ್ಲೇ ಉಂಟಲ್ಲ. ಅವನದ್ದಲ್ಲದೆ ಮತ್ತೆ ಯಾರದ್ದು?”

ಅವಳು ಹೊಲಿಗೆ ಯಂತ್ರದ ಮುಂದಿನ ಸ್ಟೂಲಿನ ಮೇಲೆ ಕೂತಳು. ಅವಳಿಗೆ ಸಮಾಧಾನವಾಯಿತೋ, ಇನ್ನೇನಾಯಿತೋ ನನಗೆ ಗೊತ್ತಿಲ್ಲ. ನಾನು ಅವಳ ಮುಖ ನೋಡಲಿಲ್ಲ. ಬಕೆಟ್ಟಿನ ನೀರು ಚೆಲ್ಲಲು ಹಿತ್ತಲಿಗೆ ಹೋದೆ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಅಲ್ಲೇ ನಿಂತೆ. ತಿರುಗಿ ಬಂದಾಗ ಎರಡು ಲೋಟ ಚಾ ಇತ್ತು.

ಒಂದು ವಿಷಯ ನನಗೆ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ. ಆಚೆ ಕೇರಿಯ ಕಲ್ಯಾಣಿಯಕ್ಕನ ತೊಟ್ಟಿಯಲ್ಲಿ ಇದೇ ಬಣ್ಣದ ಸ್ಪಂಜನ್ನು ನಾನು ಹಿಂದಿನ ತಿಂಗಳು ನೋಡಿದ್ದೆ. ಇಬ್ಬರ ಮನೆಗೂ ನನ್ನದು ಒಂದೇ ಬ್ರಶ್ಶು, ಒಂದೇ ಬಕೆಟ್ಟು. ಸಾಸಿವೆಯಷ್ಟು ಚೂರು ಅಂಟಿಕೊಂಡು ಹೋದರೂ ಸಾಕು, ಸ್ಪಂಜು ಹೊಸ ಕಲ್ಲು ಹಿಡಿಯುತ್ತದೆ. ಮೋನಪ್ಪನ ಕಲ್ಲಿನಲ್ಲಿ ಮೊದಲಿನಿಂದಲೇ ಇದ್ದಿರಲೂಬಹುದು. ಇಲ್ಲವೆಂದು ಯಾರೂ ಹೇಳಲಾರರು. ಆದರೆ ಅದು ನನ್ನ ಕೈಯಿಂದ ಬಂದಿರುವ ಸಂಭವವೇ ಹೆಚ್ಚು.

ಕಲ್ಯಾಣಿಯಕ್ಕ ಕಟ್ಟುನಿಟ್ಟಿನ ಹೆಂಗಸು. ಅದರ ಮುಂದಿನ ವಾರ ತನ್ನ ತೊಟ್ಟಿಯ ಸ್ಪಂಜು ತೆಗೆಯಲೇಬೇಕು ಎಂದು ಹಠ ಹಿಡಿದರು. ತೆಗೆದರೆ ತೊಂದರೆ ಎಂದು ನನಗೆ ಒಳಗೊಳಗೇ ಅನ್ನಿಸಿದ್ದರೂ ನಿಯಮ ಅವರ ಪರವಾಗಿತ್ತು. ಕೆರೆದೆ. ಕೈಗೆ ಸಿಕ್ಕಿದಷ್ಟು ಬಂತು, ಉಳಿದದ್ದು ಪುಡಿಪುಡಿಯಾಗಿ ಕಲ್ಲಿನ ಸಂದುಗಳಿಗೆ ಸೇರಿತು. ಮೂರನೆಯ ದಿನ ನೀರು ಅಕ್ಕಚ್ಚಿನ ಹಾಗೆ ಬೆಳ್ಳಗಾಗಿ ನಾತ ಹೊಡೆಯತೊಡಗಿತು. ಅವರ ಗಂಡ ಬಿಟ್ಟುಹೋದ ಎರಡು ಮೀನುಗಳೂ ಮೇಲೆ ತೇಲಿದವು, ಬಸವನ ಹುಳು ಒಂದು ಉಳಿಯಿತು. ಕಲ್ಯಾಣಿಯಕ್ಕ ಬೀದಿಯಲ್ಲಿ ನಿಂತು ಅತ್ತರು, ನನ್ನನ್ನು ಬೈದರು. ಸಮಿತಿ ನನ್ನನ್ನು ಕರೆಸಿತು.

ಸಮಿತಿಯಲ್ಲಿ ಹಿರಿಯರು ತ್ಯಾಂಪಣ್ಣ. ದೋಣಿ ಬಿಟ್ಟು ಕುಂಟುತ್ತ ಮನೆಯಲ್ಲಿ ಉಳಿದವರು, ಯಾರ ಮೇಲೂ ಸಿಟ್ಟು ಮಾಡುವವರಲ್ಲ. ಅವರು ಕೇಳಿದ್ದಕ್ಕೆ ನನಗೆ ತಿಳಿದದ್ದನ್ನೆಲ್ಲ ಹೇಳಿದೆ. ಸ್ಪಂಜಿಗೆ ಕಣ್ಣಿಲ್ಲ, ಬಾಯಿಲ್ಲ, ಮೈಯೆಲ್ಲ ತೂತು. ನೀರನ್ನು ಹೀರಿ, ಅದರ ಕಸ ತಿಂದು, ತಿಳಿನೀರು ಹೊರಗೆ ಬಿಡುತ್ತದೆ. ಬದುಕಿರುವಾಗ ಅದು ತೊಟ್ಟಿಗೆ ಉಪಕಾರಿ, ಸತ್ತರೆ ವಿಷ. ನೀರಿನಿಂದ ಮೇಲೆತ್ತಿದರೆ ತೂತುಗಳಿಗೆ ಗಾಳಿ ಹೊಕ್ಕು ಸಾಯುತ್ತದೆ. ಹೋದವನು ಬಿಟ್ಟದ್ದರ ಮೈಮೇಲೆ ಹತ್ತಿ ಉಸಿರು ಕಟ್ಟಿಸುವಷ್ಟು ಬೆಳೆದರೆ ಮಾತ್ರ ತೆಗೆಯಬೇಕು, ಇಲ್ಲವಾದರೆ ಇರಲಿ ಬಿಡಬೇಕು. ಇದೆಲ್ಲ ನಿಜ. ಒಂದು ಮಾತೂ ಸುಳ್ಳಲ್ಲ. ಅವರು ಒಪ್ಪಿ ನಿಯಮ ತಿದ್ದಿದರು.

ಎದ್ದು ಹೋಗುವಾಗ ತ್ಯಾಂಪಣ್ಣ ವಾರಿಜಳ ತೊಟ್ಟಿಯ ವಿಷಯ ಎತ್ತಿದರು. ಅಲ್ಲಿ ಮೀನು ಸತ್ತಿತಂತಲ್ಲ, ಅಲ್ಲಿರುವ ಸ್ಪಂಜನ್ನು ಮೋನಪ್ಪ ಬಿಟ್ಟದ್ದೆಂದು ಹಿಡಿಯಬಹುದೇ ಎಂದು ಕೇಳಿದರು. ಅವನ ಕಲ್ಲಿನ ಜೊತೆಗೇ ಬಂದದ್ದು, ಹಿಡಿಯಬಹುದು ಎಂದೆ. ನಿನ್ನ ಅಮ್ಮ ಇದ್ದಿದ್ದರೂ ಹಾಗೇ ಹೇಳುತ್ತಿದ್ದಳಾ ಎಂದರು. ಹೂಂ ಎಂದೆ. ವಾರಿಜಳ ತೊಟ್ಟಿ ಜೀವ ಇರುವ ತೊಟ್ಟಿಗಳ ಲೆಕ್ಕದಲ್ಲೇ ಉಳಿಯಿತು.

ಆ ಸ್ಪಂಜು ಚೆನ್ನಾಗಿ ಬೆಳೆಯಿತು. ಹೆಬ್ಬೆರಳಿನಷ್ಟಿದ್ದದ್ದು ಮುಷ್ಟಿಯಷ್ಟಾಗಿ, ಆಮೇಲೆ ಕಲ್ಲಿನ ಹಿಂಭಾಗವನ್ನೆಲ್ಲ ತುಂಬಿತು. ಊರಿನಲ್ಲೇ ಅಷ್ಟು ತಿಳಿಯಾದ ನೀರು ಬೇರೆ ಯಾರ ತೊಟ್ಟಿಯಲ್ಲೂ ಇರಲಿಲ್ಲ. ಆಚೀಚೆಯವರು ನೋಡಲು ಬರುತ್ತಿದ್ದರು. ಮೋನಪ್ಪ ಎಲ್ಲಿದ್ದರೂ ಸುಖವಾಗಿದ್ದಾನೆ, ನೀರೇ ಹೇಳುತ್ತದೆ ಎನ್ನುತ್ತಿದ್ದರು. ವಾರಿಜ ಅವರಿಗೆಲ್ಲ ನೀರುಬೆಲ್ಲ ಕೊಡುತ್ತಿದ್ದಳು.

ಒಂದು ಗುರುವಾರ ಅವಳು, ಇದು ಸುಮ್ಮನೆ ಕೂತಿದೆಯಲ್ಲ, ಜೀವ ಇರುವುದು ಹೌದೆಂದು ಹೇಗೆ ಗೊತ್ತು ಎಂದು ಕೇಳಿದಳು. ನಾನು ಒಂದು ಚಮಚ ಹಾಲು ತರಿಸಿ, ತೆಳುವಾದ ಪೈಪಿನ ತುದಿಯಲ್ಲಿ ಎರಡು ಹನಿ ಹಿಡಿದು ನೀರಿನೊಳಗೆ ಸ್ಪಂಜಿನ ಮಗ್ಗುಲಿಗೆ ಬಿಟ್ಟೆ. ಹಾಲು ಬಿಳಿ ದಾರದ ಹಾಗೆ ಅದರ ಮೈಗೆ ಹತ್ತಿ ಒಳಗೆ ಹೋಯಿತು. ನಾವಿಬ್ಬರೂ ಗಾಜಿಗೆ ಮುಖ ತಾಗಿಸಿ ಕೂತೆವು. ಸ್ವಲ್ಪ ಹೊತ್ತಿನಲ್ಲಿ ಮೇಲಿನ ದೊಡ್ಡ ತೂತಿನಿಂದ ತೆಳು ಬಿಳಿ ಹೊಗೆಯಂಥದ್ದು ನಿಧಾನವಾಗಿ ಹೊರಗೆ ಬಂತು.

“ಇದಕ್ಕೆ ನಾವು ಇಲ್ಲಿ ಇರುದು ಗೊತ್ತುಂಟಾ ಗುಲಾಬಿಯಕ್ಕ?”

“ಇಲ್ಲ. ಅದಕ್ಕೆ ಎಂತ ಗೊತ್ತಾಗ್ತದೆ.”

“ಮತ್ತೆ ನಾವು ಯಾಕೆ ಇದರ ಎದುರು ಕೂತದ್ದು?”

ಹೇಳಿ ಅವಳೇ ನಕ್ಕಳು. ನಾನೂ ನಕ್ಕೆ. ಇನ್ನೊಮ್ಮೆ ಮಾಡಿ ಎಂದಳು, ಇನ್ನೊಮ್ಮೆ ಮಾಡಿದೆ. ಹಾಲು ಹೆಚ್ಚು ಬಿದ್ದರೆ ನೀರು ಕೆಡುತ್ತದೆ ಎಂದು ಅಲ್ಲಿಗೆ ನಿಲ್ಲಿಸಿದೆ. ಆ ದಿನ ನಾನು ಮನೆಗೆ ಹೋದದ್ದು ಬಹಳ ತಡವಾಗಿ, ದಾರಿಯುದ್ದಕ್ಕೂ ಒಬ್ಬಳೇ ನಗುತ್ತ ಹೋದೆ.

ಆ ವರ್ಷದ ಸಮುದ್ರ ಬಂತು. ಮೋನಪ್ಪನಿಲ್ಲದೆ ಬಂದ ಮೂರನೆಯ ಸಮುದ್ರ. ಊರೆಲ್ಲ ದಕ್ಕೆಯಲ್ಲಿ. ಎರಡನೆಯ ದಿನ ಬೆಳಿಗ್ಗೆ ಐತಪ್ಪ ತನ್ನ ಮನೆಯ ತೊಟ್ಟಿ ಸೋರುತ್ತದೆಂದು ನನ್ನನ್ನು ಕರೆದ. ಮೋನಪ್ಪನ ಜೊತೆ ಒಂದೇ ದೋಣಿಯಲ್ಲಿದ್ದವನು ಅವನು. ಮೂಲೆಗೆ ಅಂಟು ತುಂಬುತ್ತಿದ್ದೆ. ಅವನು ಬಾಗಿಲ ಕಡೆ ಒಮ್ಮೆ ನೋಡಿ ಪಕ್ಕದಲ್ಲಿ ಕೂತ. ಮೋನಪ್ಪ ಬದುಕಿದ್ದಾನೆ ಎಂದ. ಆಚೆ ದಡದ ಒಂದು ಊರಿನಲ್ಲಿ ಹಗ್ಗ, ಬಲೆ ಮಾರುವ ಅಂಗಡಿ ಇಟ್ಟಿದ್ದಾನೆ, ಅಲ್ಲೇ ಇನ್ನೊಂದು ಸಂಸಾರ ಆಗಿದೆ, ಒಂದು ಹೆಣ್ಣು ಮಗು. ದೋಣಿಯವರಿಗೆಲ್ಲ ಎರಡು ವರ್ಷದಿಂದ ಗೊತ್ತು.

“ಎರಡು ವರ್ಷ ಯಾಕೆ ಹೇಳ್ಲಿಲ್ಲ?” ಎಂದು ಕೇಳಿದೆ.

“ಹೇಗೆ ಹೇಳುದು? ಬಂದು ನೋಡಿದ್ರೆ ಅವಳ ತೊಟ್ಟಿ ಕನ್ನಡಿಯ ಹಾಗೆ ಉಂಟು. ಅಷ್ಟು ಚಂದ ಇಟ್ಕೊಂಡವಳಿಗೆ ಯಾವ ಬಾಯಲ್ಲಿ ಹೇಳುದು? ನೀವು ವಾರ ವಾರ ಹೋಗ್ತೀರಿ. ನೀವೇ ಹೇಳಿ.”

ಆ ದಿನ ಹೇಳಲಿಲ್ಲ. ಸಮುದ್ರ ಬಂದಾಗ ನನಗೆ ಬಿಡುವಿರುವುದಿಲ್ಲ, ಎಲ್ಲ ತೊಟ್ಟಿಗಳ ನೀರು ಬದಲಿಸಬೇಕು. ಮೂರನೆಯ ದಿನ ಅವಳ ಮನೆಯ ಮುಂದೆ ಹೋದೆ, ಒಳಗೆ ಬ್ಲೌಸು ಕೊಡಲು ಬಂದವರಿದ್ದರು, ತಿರುಗಿ ಬಂದೆ. ನಾಲ್ಕು, ಐದು, ಆರನೆಯ ದಿನಕ್ಕೂ ನನ್ನ ಹತ್ತಿರ ಒಂದೊಂದು ಕಾರಣವಿತ್ತು. ಏಳನೆಯ ದಿನ ಕಾರಣವೂ ಇರಲಿಲ್ಲ, ಸುಮ್ಮನೆ ಹೋಗಲಿಲ್ಲ. ಹೇಳಿದರೆ ತೊಟ್ಟಿ ಖಾಲಿಯಾಗುತ್ತದೆ, ಅವಳು ಘಟ್ಟ ಹತ್ತುತ್ತಾಳೆ. ನನಗೆ ಉಳಿದದ್ದು ಅಷ್ಟೇ ಯೋಚನೆ. ಅವಳು ಕಾದ ಮೂರು ವರ್ಷ ನನ್ನ ತಲೆಗೆ ಬರಲೇ ಇಲ್ಲ ಎಂದು ಹೇಳಲು ಈಗಲೂ ನಾಚಿಕೆಯಾಗುತ್ತದೆ.

ಎಂಟನೆಯ ದಿನ ಗುರುವಾರ. ಹೋಗಲೇಬೇಕು. ಅವಳು ಮೋನಪ್ಪನ ಒಂದು ನೀಲಿ ಅಂಗಿಗೆ ಇಸ್ತ್ರಿ ಹಾಕಿ ಕಿಟಕಿಯ ಸರಳಿಗೆ ನೇತುಹಾಕಿದ್ದಳು. ಪ್ರತಿ ವರ್ಷ ಹಾಕುತ್ತಿದ್ದಳಂತೆ, ನನಗೆ ಗೊತ್ತಿರಲಿಲ್ಲ. ನಾನು ತೊಟ್ಟಿಯ ಗಾಜು ಒರೆಸಿದೆ. ಒರೆಸಲು ಏನೂ ಇರಲಿಲ್ಲ. ಚಾ ಕುಡಿದೆವು. ಹೊರಡುವಾಗ ಅವಳು ಒಂದು ಪೋಸ್ಟ್ ಕಾರ್ಡು ಕೈಯಲ್ಲಿಟ್ಟು, ನಾನು ಗುಡ್ಡದ ದಾರಿಯಲ್ಲೇ ಹೋಗುವುದರಿಂದ ಡಬ್ಬಕ್ಕೆ ಹಾಕಿಬಿಡಲು ಹೇಳಿದಳು. ಅದರಲ್ಲಿ ಏನಿದೆ ಎಂದು ಅವಳೇ ಹೇಳಿದಳು. ಜಯಂತಿ ಇನ್ನು ತನಗಾಗಿ ಕಾಯುವುದು ಬೇಡ, ಮೆಸ್ಸಿಗೆ ಬೇರೆ ಯಾರನ್ನಾದರೂ ಸೇರಿಸಿಕೊಳ್ಳಲಿ ಎಂದು ಬರೆದಿದ್ದಳು. ಸ್ಪಂಜು ಎಷ್ಟು ವರ್ಷ ಬದುಕುತ್ತದೆ ಎಂದು ಹಿಂದೊಮ್ಮೆ ನನ್ನನ್ನು ಕೇಳಿದ್ದಳು. ಸರಿಯಾಗಿ ನೋಡಿಕೊಂಡರೆ ಹತ್ತಿಪ್ಪತ್ತು ವರ್ಷ ಎಂದಿದ್ದೆ. ಅದನ್ನು ನಂಬಿ ಬರೆದದ್ದು.

ಅಂಚೆ ಡಬ್ಬದ ಮುಂದೆ ನಿಂತೆ. ಕೆಳಗೆ ಸಮುದ್ರ ಕಾಣುತ್ತಿತ್ತು, ನಾಳೆ ಹೊರಡುವ ದೋಣಿಗಳಿಗೆ ನೀರಿನ ಪೀಪಾಯಿ ತುಂಬಿಸುತ್ತಿದ್ದರು. ಕಾರ್ಡಿನ ಅರ್ಧ ಭಾಗ ಡಬ್ಬದ ಬಾಯೊಳಗೆ ಹೋಗಿತ್ತು. ಹೊರಗೆ ಎಳೆದುಕೊಂಡು ಬಂದ ದಾರಿಯಲ್ಲೇ ಇಳಿದೆ.

ವಾರಿಜ ಯಂತ್ರದ ಮುಂದೆ ಕೂತು ಕಾಜ ಹಾಕುತ್ತಿದ್ದಳು. ಕಾರ್ಡನ್ನು ಅವಳ ಮುಂದಿಟ್ಟು ನಿಂತೇ ಹೇಳಿದೆ. ಮೊದಲು ಐತಪ್ಪ ಹೇಳಿದ್ದನ್ನು ಹೇಳಿದೆ, ಅಂಗಡಿ, ಸಂಸಾರ, ಹೆಣ್ಣು ಮಗು. ಆಮೇಲೆ ಸ್ಪಂಜಿನ ವಿಷಯ ಹೇಳಿದೆ. ಅದು ಬಹುಶಃ ನನ್ನ ಬ್ರಶ್ಶಿನಿಂದ ಬಂದದ್ದು, ಗೊತ್ತಿದ್ದೂ ಅವನದ್ದೆಂದು ಹೇಳಿದೆ, ಸಮಿತಿಗೂ ಹಾಗೇ ಹೇಳಿದೆ. ಯಾಕೆ ಹೇಳಿದೆ ಎನ್ನುವುದನ್ನೂ ಹೇಳಿದೆ. ನೀನು ಹೋದರೆ ನನಗೆ ಗುರುವಾರವಿಲ್ಲ ಎಂದೆ.

ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು.

“ಐತಪ್ಪಣ್ಣ ನಿಮಗೆ ಯಾವಾಗ ಹೇಳಿದ್ದು?”

“ಎರಡನೇ ದಿನ.”

“ಇವತ್ತು ಎಂಟು.”

“ಹೌದು.”

“ಮೀನು ಸತ್ತು ಎಷ್ಟಾಯ್ತು?”

“ಹತ್ತು ತಿಂಗಳು.”

ಅವಳು ಕಿಟಕಿಯ ಅಂಗಿಯನ್ನು ನೋಡಿದಳು. ಎದ್ದು ಹೋಗಿ ಅದನ್ನು ತೆಗೆದು ನಾಲ್ಕು ಮಡಿಕೆ ಮಾಡಿ ಕಪಾಟಿನಲ್ಲಿಟ್ಟಳು. ಅಳುತ್ತಾಳೆ ಎಂದುಕೊಂಡೆ, ಅಳಲಿಲ್ಲ. ಬೈಯುತ್ತಾಳೆ ಎಂದುಕೊಂಡೆ, ಬೈಯಲಿಲ್ಲ. ತಿರುಗಿ ನನ್ನ ಕಡೆ ನೋಡದೆಯೇ ಮಾತಾಡಿದಳು.

“ಮೀನು ಸತ್ತ ದಿನ ಅಡುಗೆಮನೆಯಿಂದ ಬರುವಾಗಲೇ ನಂಗೆ ಗೊತ್ತಾಗಿತ್ತು. ನಿಮ್ಮ ಸ್ವರದಲ್ಲೇ ಗೊತ್ತಾಯ್ತು. ಆಯ್ತು, ಇನ್ನು ಹೋಗಬಹುದು ಅಂತ ಬಂದೆ ನಾನು. ಕೈ ಒರೆಸಿಕೊಳ್ಳದೆ ಬಂದೆ. ನೀವು ಕಲ್ಲಿನ ಹಿಂದೆ ಬೆರಳು ತೋರಿಸಿದಿರಿ.”

ಅವಳು ತೊಟ್ಟಿಯ ಮುಂದೆ ಹೋಗಿ ಬಗ್ಗಿ ಸ್ಪಂಜನ್ನು ಬಹಳ ಹೊತ್ತು ನೋಡಿದಳು. ಕೆರೆದು ತೆಗೆಯುತ್ತೇನೆ, ನೀರು ಹೇಗೂ ಸಮುದ್ರಕ್ಕೆ ಸುರಿಯುವುದಲ್ಲವೇ ಎಂದೆ. ಅವಳು ಬೇಡವೆಂದು ತಲೆಯಾಡಿಸಿದಳು.

“ಅದು ಎಂತ ಮಾಡಿದೆ? ಅದನ್ನು ಯಾಕೆ ಕೊಲ್ಲುದು? ಬಕೆಟ್ ಕೊಡಿ ಇಲ್ಲಿ.”

ಬಕೆಟ್ಟನ್ನು ತೊಟ್ಟಿಯೊಳಗೇ ಮುಳುಗಿಸಿ, ನೀರಿನಡಿಯಲ್ಲೇ ಕಲ್ಲನ್ನು ಅದರೊಳಗೆ ಜಾರಿಸಬೇಕು, ಗಾಳಿ ತಾಗಬಾರದು ಎಂದು ಹೇಳಿಕೊಟ್ಟೆ. ತೊಟ್ಟಿಗೆ ಮನೆಯವರು ಕೈ ಹಾಕುವ ಪದ್ಧತಿ ಇಲ್ಲ. ಅವಳು ಬಳೆ ಮೇಲೆ ಸರಿಸಿ ಭುಜದವರೆಗೆ ಎರಡೂ ಕೈ ಇಳಿಸಿದಳು. ನೆಲಕ್ಕೆಲ್ಲ ನೀರು ಚೆಲ್ಲಿತು. ತುಂಬಿದ ಬಕೆಟ್ಟು, ಅದರೊಳಗೆ ಕಲ್ಲು, ಒಬ್ಬಳೇ ಹೊರುವ ಭಾರವಲ್ಲ. ಒಂದು ಕಡೆ ಹಿಡಿಯಲು ಹೋದೆ, ನೀವು ಬಿಡಿ ಎಂದಳು. ಹತ್ತು ಹೆಜ್ಜೆಗೊಮ್ಮೆ ಕೆಳಗಿಟ್ಟು, ಕೈ ಬದಲಿಸಿ ಎತ್ತುತ್ತ ಬೀದಿಯುದ್ದಕ್ಕೂ ನಡೆದಳು. ನಾನು ಹಿಂದೆ ನಡೆದೆ. ಬಾಗಿಲುಗಳಲ್ಲಿ ನಿಂತವರು ನೋಡಿದರು, ಯಾರೂ ಕೇಳಲಿಲ್ಲ.

ದಕ್ಕೆಯ ಮೆಟ್ಟಿಲಿನ ಹತ್ತಿರ ನನಗೆ ಅಲ್ಲೇ ನಿಲ್ಲಲು ಹೇಳಿದಳು. ಸೀರೆ ಎತ್ತಿ ಕಟ್ಟದೆ ಹಾಗೆಯೇ ನೀರಿಗಿಳಿದಳು. ಸೊಂಟದವರೆಗೆ ಹೋಗಿ ನಿಂತು ಬಕೆಟ್ಟನ್ನು ಮೆಲ್ಲಗೆ ಮುಳುಗಿಸಿ ವಾಲಿಸಿದಳು. ಅಷ್ಟು ಸಾಲದು ಎಂದು ನನಗೆ ಕಂಡಿತು. ಸಮುದ್ರ ಹಿಂದೆ ಹೋಗುವಾಗ ದಡದ ಹತ್ತಿರದ ಕಲ್ಲುಗಳನ್ನು ಎಳೆದುಕೊಂಡು ಹೋಗುವುದಿಲ್ಲ, ಯಾರಾದರೂ ದೋಣಿಯವರ ಕೈಯಲ್ಲಿ ಕೊಟ್ಟು ಆಳದಲ್ಲಿ ಬಿಡಿಸಬೇಕಿತ್ತು. ಕೂಗಿ ಹೇಳಬಹುದಿತ್ತು. ಆ ಹೊತ್ತಿನಲ್ಲಿ ಅವಳಿಗೆ ಏನನ್ನಾದರೂ ಹೇಳುವ ಹಕ್ಕು ನನಗಿದೆ ಎಂದು ಅನ್ನಿಸಲಿಲ್ಲ. ಅವಳು ಖಾಲಿ ಬಕೆಟ್ಟನ್ನು ತಂದು ನನ್ನ ಕಾಲಿನ ಹತ್ತಿರ ಇಟ್ಟು, ಒದ್ದೆ ಸೀರೆಯಲ್ಲೇ ಮನೆಯ ಕಡೆ ಹೋದಳು.

ತ್ಯಾಂಪಣ್ಣನ ಮನೆಗೆ ಆ ಸಂಜೆಯೇ ಹೋಗಿ ಎಲ್ಲವನ್ನೂ ಒಪ್ಪಿಕೊಂಡೆ. ಅವರು, ಆ ಹೆಂಗಸು ಏನು ಹೇಳುತ್ತಾಳೋ ಅದೇ ನಿನಗೆ ಶಿಕ್ಷೆ ಎಂದರು. ಅವಳು ಏನೂ ಹೇಳಿರಲಿಲ್ಲ. ಕೆಲಸ ನನ್ನ ಕೈಯಲ್ಲೇ ಉಳಿಯಿತು, ಬೇರೆ ಯಾರಿಗೂ ಅದು ಬರುವುದಿಲ್ಲ.

ಮುಂದಿನ ಗುರುವಾರ ಅಭ್ಯಾಸಬಲದಿಂದ ಅವಳ ಮನೆಯವರೆಗೆ ಹೋದೆ. ಬೀಗ ಹಾಕಿತ್ತು. ಹೊಲಿಗೆ ಯಂತ್ರದ ತಲೆಭಾಗವನ್ನು ಗೋಣಿಯಲ್ಲಿ ಕಟ್ಟಿ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಹೋದಳೆಂದು ಪಕ್ಕದ ಮನೆಯವರು ಹೇಳಿದರು. ಕಿಟಕಿಯಿಂದ ಇಣುಕಿದೆ. ಖಾಲಿ ತೊಟ್ಟಿಯನ್ನು ಅವಳೇ ತೊಳೆದಿದ್ದಳು. ಅಂಚಿನ ಉಪ್ಪಿನ ಗೆರೆಯನ್ನೂ ಬಿಡದೆ ಉಜ್ಜಿ ತೆಗೆದಿದ್ದಳು. ನಾನು ಅಷ್ಟು ಚೆನ್ನಾಗಿ ಯಾವತ್ತೂ ತೊಳೆದಿರಲಿಲ್ಲ.

ನೆಲ ಒಣಗಿ ಎಮ್ಮೆಗಳು ಮೇಯಲು ಇಳಿದ ಮೇಲೆ ಒಂದು ದಿನ ನಾನೂ ಇಳಿದೆ. ದಕ್ಕೆಯ ಮೆಟ್ಟಿಲಿನಿಂದ ಮೂವತ್ತು ಹೆಜ್ಜೆ ಅಷ್ಟೇ. ಕಲ್ಲು ಅಲ್ಲೇ ಇತ್ತು. ಸ್ಪಂಜು ಮೇಲ್ಮುಖವಾಗಿ ಬಿದ್ದಿತ್ತು. ಹಳದಿ ಹೋಗಿ ಬೂದಿಯ ಬಣ್ಣವಾಗಿತ್ತು. ಮುಟ್ಟಿದರೆ ಒಣ ರೊಟ್ಟಿಯ ಹಾಗೆ ಪುಡಿಯಾಯಿತು. ನಾತ ಕೂಡ ಉಳಿದಿರಲಿಲ್ಲ. ಸ್ವಲ್ಪ ದೂರದಲ್ಲಿ ಮಕ್ಕಳು ಆಡುತ್ತಿದ್ದರು, ಅವರ ಚೆಂಡು ಉರುಳುತ್ತ ಬಂತು, ಎತ್ತಿ ಎಸೆದೆ. ಕಲ್ಲನ್ನು ಅಲ್ಲೇ ಬಿಟ್ಟು ಬಂದೆ.

ಎರಡು ತಿಂಗಳ ಮೇಲೆ ನನ್ನ ಹೆಸರಿಗೆ ಒಂದು ಕಾರ್ಡು ಬಂತು. ನನ್ನ ಹೆಸರು ಬರೆದ ಕಾಗದ ನನ್ನ ಮನೆಗೆ ಬಂದದ್ದು ಅದೇ ಮೊದಲು. ಅಂಚೆಯವನೇ ಎರಡು ಸಲ ಓದಿಕೊಂಡು ಕೊಟ್ಟ. ಅದರಲ್ಲಿ ಹೆಚ್ಚೇನೂ ಇರಲಿಲ್ಲ. ಬಂದು ಮುಟ್ಟಿದ್ದೇನೆ, ಇಲ್ಲಿ ಚಳಿ, ದಿನಕ್ಕೆ ಅರವತ್ತು ಊಟ ಹೋಗುತ್ತದೆ ಎಂದು ಬರೆದಿದ್ದಳು. ಕ್ಷಮಿಸಿದ್ದೇನೆ ಎಂದಾಗಲಿ ಇಲ್ಲ ಎಂದಾಗಲಿ ಇರಲಿಲ್ಲ. ಕೊನೆಯಲ್ಲಿ ಒಂದು ಸಾಲು ಮಾತ್ರ ಬೇರೆಯಾಗಿ ಬರೆದಿದ್ದಳು. ಆ ಸ್ಪಂಜು ಸಮುದ್ರದ ಜೊತೆ ಹೋಯಿತಾ?

ಒಂದು ಕಾರ್ಡು ತಂದು, ಹೋಯಿತು ಎಂದು ಬರೆದೆ. ಅಷ್ಟು ಬರೆದರೆ ಅವಳಿಗೆ ಸಂತೋಷವಾಗುತ್ತದೆ, ಅಲ್ಲಿಂದ ಬಂದು ನೋಡುವವರು ಯಾರು. ಬರೆದ ಶಾಯಿ ಒಣಗುವವರೆಗೆ ಅದನ್ನು ನೋಡುತ್ತ ಕೂತೆ. ಆಮೇಲೆ ಹರಿದು ಒಲೆಗೆ ಹಾಕಿ ಇನ್ನೊಂದು ಕಾರ್ಡು ತಂದೆ. ನನ್ನ ಅಕ್ಷರ ದೊಡ್ಡದು, ಜಾಗ ಸಾಲುವುದಿಲ್ಲ, ಬೇಕಾದಷ್ಟನ್ನೇ ಬರೆದೆ.

“ವಾರಿಜಾ, ಸ್ಪಂಜು ಹೋಗಲಿಲ್ಲ. ಕಲ್ಲು ದಕ್ಕೆಯ ಹತ್ತಿರವೇ ಉಳಿದಿತ್ತು, ಅದು ಒಣಗಿ ಸತ್ತಿದೆ. ನಾನು ಹೋಗಿ ನೋಡಿ ಬಂದೆ. ಇನ್ನೂ ಆಳದಲ್ಲಿ ಬಿಡಬೇಕೆಂದು ನನಗೆ ಆ ದಿನವೇ ಗೊತ್ತಿತ್ತು, ದಡದಲ್ಲಿ ನಿಂತು ಹೇಳದೆ ಉಳಿದೆ. ಇದು ಕೂಡ ನನ್ನದೇ ತಪ್ಪು. ಗುಲಾಬಿ.”